ಮಳೆಗಾಲದ ಕಡಲು, ಕಾಫಿ ಕಂಟೇನರು ಮತ್ತು ಹಡಗಿನ ಓಲಾಟ

ಪ್ರಶ್ನೆ: ನಾವು ಕೊಡಗಿನ ಸಿದ್ದಾಪುರ ಕಡೆಯ ಕೆಲವು ಸಣ್ಣ ಬೆಳೆಗಾರರು ಸೇರಿ ಈ ಸಲ ರೊಬಸ್ಟಾವನ್ನು ಕ್ಯೂರಿಂಗ್ ಮಾಡಿಸಿ ನೇರವಾಗಿ ರಫ್ತು ಮಾಡುತ್ತಿದ್ದೇವೆ. 20 ಅಡಿಯ ಎರಡು ಕಂಟೇನರು ಜೂನ್ ಕೊನೆಗೆ ಮಂಗಳೂರಿನಿಂದ ಹೊರಡಬೇಕು, ಕೊಲಂಬೊದಲ್ಲಿ ದೊಡ್ಡ ಹಡಗಿಗೆ ಬದಲಾವಣೆ. 2025ರ ಮೇ ತಿಂಗಳಲ್ಲಿ ಕೊಚ್ಚಿ ಆಚೆ ಹಡಗು ಮುಳುಗಿ ಕಂಟೇನರುಗಳು ಕೇರಳದ ದಡಕ್ಕೆ ಬಂದು ಬಿದ್ದದ್ದನ್ನು ನೋಡಿದ ಮೇಲೆ ಮನೆಯವರಿಗೆಲ್ಲ ಹೆದರಿಕೆ. ದುಬಾರೆಯ ರಾಫ್ಟು, ಹರಿಗೋಲು ಅಗಲವಾಗಿರುವುದರಿಂದ ಮಗುಚುವುದಿಲ್ಲ ಅನ್ನುತ್ತಾರೆ. ಹಡಗು ಅದಕ್ಕಿಂತ ಎಷ್ಟೋ ಪಾಲು ಅಗಲ. ಮತ್ತೆ ಯಾಕೆ ಅಷ್ಟು ಓಲಾಡುತ್ತದೆ? ಒಡಲು ಯಾವ ಆಕಾರದಲ್ಲಿದ್ದರೆ ಒಳ್ಳೆಯದು?

ಉತ್ತರ: ಹರಿಗೋಲಿನಿಂದಲೇ ಶುರು ಮಾಡೋಣ. ನಿಮ್ಮ ಪ್ರಶ್ನೆಯ ಗಂಟು ಇರುವುದು ಅಲ್ಲೇ.

ಎರಡು ಮೀಟರ್ ವ್ಯಾಸದ ಹರಿಗೋಲಿನಲ್ಲಿ ಐದು ಜನ ಕೂತರೂ ಅದು ನೀರಿಗೆ ಇಳಿಯುವುದು ಒಂದು ಗೇಣಿಗಿಂತ ಕಡಿಮೆ, 15 ಸೆಂಟಿಮೀಟರ್ ಅನ್ನಿ. ಯಾರೋ ಒಬ್ಬರು ಒಂದು ಅಂಚಿಗೆ ಸರಿದರೆ ಆ ಕಡೆ ಮುಳುಗುತ್ತದೆ, ಈಚೆ ಕಡೆ ಏಳುತ್ತದೆ. ಮುಳುಗಿದ ಕಡೆ ನೀರು ಮೇಲಕ್ಕೆ ದೂಡುವ ಬಲ ಹೆಚ್ಚಿ ಅದನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಅಗಲ ಹೆಚ್ಚಿದ್ದಷ್ಟೂ, ಇಳಿತ ಕಡಿಮೆ ಇದ್ದಷ್ಟೂ ಈ ದೂಡು ಜೋರು. ಅಗಲದ ಲೆಕ್ಕ ವರ್ಗದಲ್ಲಿ ಬರುವುದರಿಂದ ಹಡಗಿನ ಅಗಲವನ್ನು ಹತ್ತನೇ ಒಂದು ಪಾಲು ಹೆಚ್ಚಿಸಿದರೆ, ಅಂದರೆ 10 ಇದ್ದದ್ದು 11 ಆದರೆ, ಆಕಾರದಿಂದ ಬರುವ ಆಸರೆ 100ರಿಂದ 121ಕ್ಕೆ ಏರುತ್ತದೆ. ಇದರಿಂದ, ಹಡಗಿನ ಒಟ್ಟು ಭಾರದ ಕೇಂದ್ರ ನೀರಿನ ದೂಡಿನ ಕೇಂದ್ರಕ್ಕಿಂತ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನು ಕಳೆದರೆ ಉಳಿಯುವ ಅಳತೆಗೆ ಹಡಗಿನವರು ಜಿಎಂ ಅನ್ನುತ್ತಾರೆ. ಮೀಟರಿನಲ್ಲಿ ಹೇಳುವ ಈ ಒಂದು ಸಂಖ್ಯೆಯಲ್ಲಿ ಹಡಗಿನ ಅರ್ಧ ಗುಣ ಅಡಗಿದೆ. ಸರಕು ಹಡಗಿಗೆ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಅದು 0.15 ಮೀಟರಿಗಿಂತ ಕಡಿಮೆ ಇರುವಂತಿಲ್ಲ.

ಹಾಗಾದರೆ ಜಿಎಂ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ? ಮಗುಚುವ ಭಯ ಒಂದನ್ನೇ ನೋಡಿದರೆ ಹೌದು. ಆದರೆ ಹರಿಗೋಲಿನ ಗುಣ ನೋಡಿ: ಅದು ನೀರಿನ ಮೇಲ್ಮೈಗೆ ಅಂಟಿಕೊಂಡಿರುತ್ತದೆ. ನೀರು ಸಪಾಟಾಗಿದ್ದರೆ ತಾನೂ ಸಪಾಟು, ನೀರು ವಾಲಿದರೆ ತಾನೂ ಅಷ್ಟೇ ವಾಲುತ್ತದೆ. ಬೇಸಗೆಯಲ್ಲಿ ದುಬಾರೆಯ ಕಾವೇರಿ ಸಪಾಟಾಗಿರುವುದರಿಂದ ಅದು ಗಟ್ಟಿ ಅನ್ನಿಸುತ್ತದೆ. ಬರಪೊಳೆಯ ಅಬ್ಬರದಲ್ಲಿ ರಾಫ್ಟು ಮಗುಚದಿದ್ದರೂ ಒಳಗೆ ಕೂತವರು ಹೊರಗೆ ಹಾರುತ್ತಾರಲ್ಲ, ಅದೇ ಕಥೆ. ದೋಣಿ ಗಟ್ಟಿಯಾಗಿ ಅಲೆಗೆ ಅಂಟಿಕೊಂಡಷ್ಟೂ ಅದರ ಮೇಲಿರುವುದಕ್ಕೆ ಬೀಳುವ ಎಳೆತ ಒರಟು. ಜಿಎಂ ಅತಿಯಾದ ಹಡಗು ಮಗುಚುವುದಿಲ್ಲ, ಆದರೆ ಬೆನ್ನ ಮೇಲಿನ ಕಂಟೇನರುಗಳನ್ನು ಒದರಿ ಬಿಸಾಡುತ್ತದೆ.

ಲೆಕ್ಕ ಹಾಕಿ ನೋಡಿ. ಹಡಗು ಎಡದಿಂದ ಬಲಕ್ಕೆ ವಾಲಿ ಮತ್ತೆ ಎಡಕ್ಕೆ ಬರಲು ಬೇಕಾದ ಕಾಲ ಸುಮಾರಾಗಿ 0.8 ಗುಣಿಸು ಅಗಲ, ಭಾಗಿಸು ಜಿಎಂನ ವರ್ಗಮೂಲ. ಮಂಗಳೂರಿನಿಂದ ಕೊಲಂಬೊಗೆ ಓಡುವಂಥ ಫೀಡರ್ ಹಡಗು (ದೊಡ್ಡ ಹಡಗಿಗೆ ಸರಕು ತಲುಪಿಸುವ ಸಣ್ಣ ಹಡಗು) 170 ಮೀಟರ್ ಉದ್ದ, 27 ಮೀಟರ್ ಅಗಲ ಇದೆ ಅಂದುಕೊಳ್ಳಿ. ಜಿಎಂ 0.8 ಮೀಟರ್ ಇದ್ದರೆ ಒಂದು ಓಲಾಟಕ್ಕೆ 24 ಸೆಕೆಂಡು, ತೊಟ್ಟಿಲು ತೂಗಿದ ಹಾಗೆ. 1.5 ಮೀಟರಿಗೆ 17.6 ಸೆಕೆಂಡು. ಅದೇ ಹಡಗಿನ ಡೆಕ್ಕಿನ ಮೇಲೆ ಹಗುರ ಪೆಟ್ಟಿಗೆ, ಕೆಳಗೆ ಭಾರ ತುಂಬಿ ಜಿಎಂ 3 ಮೀಟರಿಗೆ ಏರಿದರೆ 12.5 ಸೆಕೆಂಡು.

ಈಗ ನಿಮ್ಮ ಕಂಟೇನರು. 60 ಕೆಜಿಯ 320 ಚೀಲ ಅಂದರೆ 19.2 ಟನ್, ಖಾಲಿ ಪೆಟ್ಟಿಗೆಯ ತೂಕ ಎರಡು ಚಿಲ್ಲರೆ ಟನ್, ಒಟ್ಟು 21.5 ಟನ್. ಓಲಾಟದ ನಡುಗೆರೆಯಿಂದ 20 ಮೀಟರ್ ಎತ್ತರದಲ್ಲಿ ಇದನ್ನು ಇಟ್ಟಿದ್ದಾರೆ, ಹಡಗು ಎರಡೂ ಕಡೆ 20 ಡಿಗ್ರಿ ಓಲಾಡುತ್ತಿದೆ ಅನ್ನಿ. 24 ಸೆಕೆಂಡಿನ ಮೆದು ಹಡಗಿನಲ್ಲಿ ಪೆಟ್ಟಿಗೆಯನ್ನು ಪಕ್ಕಕ್ಕೆ ಎಳೆಯುವ ಬಲ ಸುಮಾರು 8.4 ಟನ್. 12.5 ಸೆಕೆಂಡಿನ ಗಡಸು ಹಡಗಿನಲ್ಲಿ 11 ಟನ್. ಓಲಾಟ 30 ಡಿಗ್ರಿಗೆ ಹೋದರೆ ಆ ಗಡಸು ಹಡಗಿನಲ್ಲಿ 16.5 ಟನ್. ಹಡಗಿನ ಅಗಲ ಅದೇ, ಪೆಟ್ಟಿಗೆ ಅದೇ. ಇಷ್ಟು ಬಲವನ್ನು ಪ್ರತಿ ಓಲಾಟಕ್ಕೂ ತಡೆದು ನಿಲ್ಲಬೇಕಾದದ್ದು ಮೂಲೆಗಳನ್ನು ಒಂದಕ್ಕೊಂದು ಬಿಗಿಯುವ ಟ್ವಿಸ್ಟ್‌ಲಾಕ್ ಕೊಂಡಿಗಳು ಮತ್ತು ಅಡ್ಡ ಬಿಗಿದ ಲ್ಯಾಶಿಂಗ್ ಸರಳುಗಳು. ಒಂದು ಪೆಟ್ಟಿಗೆಯ ಮೂಲೆ ಕುಸಿದರೆ ಪಕ್ಕದ ಸಾಲಿನ ಮೇಲೆ ಬೀಳುತ್ತದೆ, ಆಮೇಲೆ ಇಸ್ಪೀಟು ಎಲೆ ಸಾಲಾಗಿ ಉರುಳಿದ ಹಾಗೆ.

2019ರ ಜನವರಿ ಮೊದಲ ದಿನಗಳಲ್ಲಿ ನೆದರ್ಲೆಂಡ್ಸ್‌ನ ಉತ್ತರಕ್ಕೆ ಎಂಎಸ್‌ಸಿ ಝೋ ಹಡಗಿನಿಂದ 342 ಕಂಟೇನರುಗಳು ಕಡಲಿಗೆ ಬಿದ್ದದ್ದು ಈ ಜಾತಿಯ ಘಟನೆ. ಸುಮಾರು 395 ಮೀಟರ್ ಉದ್ದ, 59 ಮೀಟರ್ ಅಗಲದ ಹಡಗು. ಜಿಎಂ ಸುಮಾರು 9 ಮೀಟರ್. ಅಷ್ಟು ದೊಡ್ಡ ಮೈ ಇದ್ದರೂ ಓಲಾಟದ ಕಾಲ 15-16 ಸೆಕೆಂಡಿನಷ್ಟೇ. ಅದು ಮಗುಚುವ ಮಾತೇ ಇರಲಿಲ್ಲ, ಗಡಸುತನವೇ ಅದರ ತೊಂದರೆಗಳಲ್ಲೊಂದು.

ನೀವು ಹೇಳಿದ ಕೊಚ್ಚಿ ಆಚೆಯ ಘಟನೆ ಬೇರೆ ಬಗೆಯದು. ಎಂಎಸ್‌ಸಿ ಎಲ್ಸಾ 3 ಮೇ 24ರಂದು ಬಲಕ್ಕೆ 26 ಡಿಗ್ರಿ ವಾಲಿ ಹಾಗೇ ನಿಂತಿತು, ಮರುದಿನ 640 ಕಂಟೇನರುಗಳೊಂದಿಗೆ ಮುಳುಗಿತು. 24 ಮಂದಿ ಸಿಬ್ಬಂದಿಯೂ ಬದುಕಿದರು. ಓಲಾಡುವುದು ಬೇರೆ, ಒಂದೇ ಕಡೆಗೆ ವಾಲಿ ನಿಲ್ಲುವುದು ಬೇರೆ. ಎರಡನೆಯದಕ್ಕೆ ಸಾಮಾನ್ಯವಾಗಿ ಕಾರಣ ಅಲೆಯಲ್ಲ. ಒಳಗಿನ ತೂಕದ ಹಂಚಿಕೆ, ಹಡಗನ್ನು ಸಮತೋಲದಲ್ಲಿಡಲು ತುಂಬುವ ಬ್ಯಾಲೆಸ್ಟ್ ಟ್ಯಾಂಕಿನ ನೀರು, ಇಲ್ಲವೇ ಒಳಗೆ ನುಗ್ಗಿದ ನೀರು. ದೊಡ್ಡ ತಟ್ಟೆಯಲ್ಲಿ ಅರ್ಧ ನೀರು ಹಾಕಿ ಹಿಡಿದುಕೊಂಡು ನಡೆದು ನೋಡಿ: ಸ್ವಲ್ಪ ವಾಲಿದರೆ ನೀರೆಲ್ಲ ಆ ಕಡೆ ಓಡಿ ಇನ್ನಷ್ಟು ವಾಲಿಸುತ್ತದೆ. ಅರ್ಧ ತುಂಬಿದ ಟ್ಯಾಂಕು ಹಡಗಿಗೆ ಮಾಡುವುದೂ ಇದನ್ನೇ. ತಟ್ಟೆಯ ನಡುವೆ ಉದ್ದಕ್ಕೆ ಒಂದು ಅಡ್ಡಗೋಡೆ ಇಟ್ಟರೆ ಈ ಕೇಡು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಇಲ್ಲೂ ಅಗಲದ್ದೇ ಆಟ, ಈ ಸಲ ಘನದಲ್ಲಿ. ಅದಕ್ಕೇ ಟ್ಯಾಂಕುಗಳನ್ನು ಪೂರ್ತಿ ತುಂಬಿಡು, ಇಲ್ಲ ಪೂರ್ತಿ ಖಾಲಿ ಇಡು ಅನ್ನುವುದು ಕಡಲಿನ ಹಳೆಯ ಶಿಸ್ತು.

ಇನ್ನು ಮಂಗಳೂರು–ಕೊಲಂಬೊ ದಾರಿ. ಮಳೆಗಾಲದ ಅಲೆಗಳು ಪಶ್ಚಿಮ, ನೈಋತ್ಯದಿಂದ ಬರುತ್ತವೆ. ಹಡಗು ದಡದುದ್ದಕ್ಕೆ ಆಗ್ನೇಯದ ಕಡೆ ಇಳಿಯುತ್ತದೆ. ಹಾಗಾಗಿ ಕನ್ಯಾಕುಮಾರಿ ದಾಟುವ ತನಕ ಅಲೆ ಹೆಚ್ಚುಕಡಿಮೆ ನೇರವಾಗಿ ಬಲಮಗ್ಗುಲಿಗೆ ಬಡಿಯುತ್ತದೆ. ಅಪಾಯದ ಲೆಕ್ಕ ಇಷ್ಟೇ: ಅಲೆಗಳು ಹಡಗನ್ನು ತಟ್ಟುವ ಕಾಲವೂ ಹಡಗಿನ ಓಲಾಟದ ಕಾಲವೂ ಒಂದಾಗಬಾರದು. 9 ಸೆಕೆಂಡಿಗೊಂದು ಬರುವ ಅಲೆ ಮಗ್ಗುಲಿಗೆ ಬಿದ್ದರೆ ಹಡಗಿಗೂ 9 ಸೆಕೆಂಡೇ. 17.6 ಸೆಕೆಂಡಿನ ಹಡಗಿಗೆ ಅದು ತಾಳ ತಪ್ಪಿದ ಚಪ್ಪಾಳೆ, ಅಲೆ ಬಂದು ಅಡಿಯಲ್ಲಿ ಜಾರಿ ಹೋಗುತ್ತದೆ. ಆದರೆ ಹಡಗು ದಿಕ್ಕು ಬದಲಿಸಿ ಅಲೆ ಓರೆಯಾಗಿ ಹಿಂದಿನಿಂದ ಬರುವಂತಾದರೆ? 9 ಸೆಕೆಂಡಿನ ಅಲೆಯ ಉದ್ದ ಸುಮಾರು 126 ಮೀಟರ್, ಅದರ ಓಟ ಸೆಕೆಂಡಿಗೆ 14 ಮೀಟರ್. 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ವೇಗದಲ್ಲಿ ಹಡಗು ಅದರ ಮುಂದೆ 45 ಡಿಗ್ರಿ ಓರೆಯಾಗಿ ಓಡುತ್ತಿದ್ದರೆ ಅದೇ ಅಲೆ ಸುಮಾರು 14.7 ಸೆಕೆಂಡಿಗೊಮ್ಮೆ ತಟ್ಟುತ್ತದೆ. ಪೂರ್ತಿ ಹಿಂದಿನಿಂದ ಬಂದರೆ 20 ಸೆಕೆಂಡಿಗೊಮ್ಮೆ. ಎದುರಿನಿಂದ ಬಂದರೆ 5.8. ಕಡಲು ಬದಲಾಗಿಲ್ಲ, ಹಡಗಿನ ದಿಕ್ಕಷ್ಟೇ ಬದಲಾಗಿದೆ. ನುರಿತ ಕ್ಯಾಪ್ಟನ್ 20-30 ಡಿಗ್ರಿ ದಿಕ್ಕು ತಿರುಗಿಸಿ, ಎರಡು-ಮೂರು ನಾಟ್ ವೇಗ ಹೆಚ್ಚುಕಡಿಮೆ ಮಾಡಿ ಇಡೀ ರಾತ್ರಿಯ ಓಲಾಟ ತಪ್ಪಿಸುವುದು ಈ ಲೆಕ್ಕದಿಂದಲೇ.

ಅಲೆಗೆ ಎದುರಾಗಿ ಹೋದರೆ ಓಲಾಟವೇ ಇಲ್ಲ ಅಂದುಕೊಳ್ಳಬೇಡಿ. ಒಡಲಿನ ಆಕಾರದ ಪ್ರಶ್ನೆ ನಿಜವಾಗಿ ಬಿಗಿಯಾಗುವುದು ಇಲ್ಲಿ. ಕಂಟೇನರ್ ಹಡಗಿನ ಮೂತಿಯನ್ನು ಎದುರಿನಿಂದ ನೋಡಿ: ನೀರಿನ ಗೆರೆಯಲ್ಲಿ ಕತ್ತಿಯ ಹಾಗೆ ತೆಳ್ಳಗೆ, ಮೇಲೆ ಹೋದಂತೆ ಆಲಿಕೆಯ ಬಾಯಿಯ ಹಾಗೆ ಅಗಲ. ಕೆಳಗೆ ತೆಳ್ಳಗಿದ್ದರೆ ಇಂಧನ ಉಳಿತಾಯ, ಮೇಲೆ ಅಗಲವಿದ್ದರೆ ಡೆಕ್ಕಿನ ಮೇಲೆ ಇನ್ನೆರಡು ಸಾಲು ಕಂಟೇನರು. ಹಿಂಭಾಗವೂ ಹಾಗೇ, ಕೆಳಗೆ ಕಿರಿದಾಗಿ ಮೇಲೆ ಸಪಾಟು. ಈ ಎರಡೂ ತುದಿಗಳಿಗೆ ಫ್ಲೇರ್ ಮತ್ತು ಟ್ರಾನ್ಸಮ್ ಅನ್ನುತ್ತಾರೆ. ಈಗ ಹಡಗಿನಷ್ಟೇ ಉದ್ದದ ಅಲೆ ಎದುರಿನಿಂದ ಬಂತು. ಅಲೆಯ ನೆತ್ತಿ ಹಡಗಿನ ನಡುವೆ ಇದ್ದಾಗ ಎರಡೂ ತುದಿಗಳು ನೀರಿನಿಂದ ಮೇಲೆ. ನೀರಿನ ಗೆರೆಯಲ್ಲಿ ಹಡಗು ಕಿರಿದಾಗಿ ಜಿಎಂ ಕುಸಿಯುತ್ತದೆ. ಅಲೆಯ ತಗ್ಗು ನಡುವೆ ಬಂದಾಗ ಅಗಲವಾದ ಎರಡೂ ತುದಿಗಳು ನೀರಿಗಿಳಿದು ಜಿಎಂ ಒಮ್ಮೆಲೆ ಏರುತ್ತದೆ. ಜೋಕಾಲಿಯಲ್ಲಿ ನಿಂತ ಮಗು ಯಾರೂ ತಳ್ಳದೆ, ಒಂದು ತೂಗಿಗೆ ಎರಡು ಸಲ ಕುಕ್ಕರಿಸಿ ಎದ್ದು ಜೋಕಾಲಿಯನ್ನು ಎತ್ತರಕ್ಕೆ ಏರಿಸುತ್ತದಲ್ಲ, ಅಲೆಗಳು ಹಡಗಿಗೆ ಮಾಡುವುದು ಅದನ್ನೇ. ಒಂದು ಓಲಾಟಕ್ಕೆ ಎರಡು ಅಲೆ ಸಿಕ್ಕಿದರೆ ಸಾಕು, ಮೂರು ನಾಲ್ಕು ಡಿಗ್ರಿಯ ಓಲಾಟ ಕೆಲವೇ ಸುತ್ತಿನಲ್ಲಿ 30 ದಾಟಬಹುದು. ಇದಕ್ಕೆ ಪ್ಯಾರಾಮೆಟ್ರಿಕ್ ರೋಲಿಂಗ್ ಎಂದು ಹೆಸರು.

1998ರ ಅಕ್ಟೋಬರಿನಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ಎಪಿಎಲ್ ಚೈನಾ ಹಡಗು ಹೀಗೆ ಸಿಕ್ಕಿಕೊಂಡು ಸುಮಾರು 400 ಕಂಟೇನರು ಕಳೆದುಕೊಂಡಿತು, ಇನ್ನಷ್ಟೇ ಜಖಂ ಆದವು. ಉದ್ದಿಮೆ ಎಚ್ಚೆತ್ತದ್ದು ಆಮೇಲೆ. ನಮ್ಮ ಫೀಡರ್ ಹಡಗಿಗೂ ಲೆಕ್ಕ ಹಾಕಿದರೆ ಒಂದು ವಿಚಿತ್ರ ಕಾಣುತ್ತದೆ. 170 ಮೀಟರ್ ಉದ್ದದ ಅಲೆ ಎದುರಿನಿಂದ ಬರುವಾಗ 15 ನಾಟ್‌ನಲ್ಲಿ 7.1 ಸೆಕೆಂಡಿಗೊಮ್ಮೆ ತಟ್ಟುತ್ತದೆ. ಕಡಲು ಜೋರಾಯಿತೆಂದು ವೇಗವನ್ನು 6 ನಾಟ್‌ಗೆ ಇಳಿಸಿದರೆ 8.8 ಸೆಕೆಂಡಿಗೊಮ್ಮೆ. ಹಡಗಿನ ಓಲಾಟ 17.6, ಸರಿಯಾಗಿ ಅದರ ಅರ್ಧ! ಜಾಗ್ರತೆಗೆಂದು ನಿಧಾನ ಮಾಡಿದ್ದೇ ಬಲೆಗೆ ಬೀಳಿಸಿತು. ಸಂಪಾಜೆ ಘಾಟಿಯಲ್ಲಿ ಅನುಮಾನ ಬಂದರೆ ನಿಧಾನ ಮಾಡುವುದು ಸರಿ. ಕಡಲಲ್ಲಿ ಲೆಕ್ಕ ನೋಡಿಯೇ ನಿಧಾನ ಮಾಡಬೇಕು.

ಫ್ಲೇರಿಗೆ ಇನ್ನೊಂದು ಮುಖವೂ ಇದೆ. ಮೂತಿ ಅಲೆಗೆ ಇಳಿದಾಗ ಅಗಲವಾಗುತ್ತ ಹೋಗುವ ಮೈ ಬೇಗ ತೇಲಿಸಿ ಎತ್ತುತ್ತದೆ, ನೀರನ್ನು ಪಕ್ಕಕ್ಕೆ ಎರಚಿ ಡೆಕ್ಕನ್ನು ಒಣಗಿಡುತ್ತದೆ. ಅತಿಯಾದರೆ ಅದೇ ಮೈ ನೀರಿಗೆ ಅಂಗೈ ಬಡಿದ ಹಾಗೆ ಬಡಿದು ಇಡೀ ಹಡಗು ಕಂಪಿಸುತ್ತದೆ. ನಾರ್ವೆಯ ಉಲ್‌ಸ್ಟೈನ್ 2005-06ರ ಹೊತ್ತಿಗೆ ತಂದ ಎಕ್ಸ್-ಬೌ ಈ ಕಾರಣಕ್ಕೇ ಮೂತಿಯನ್ನು ಹಿಂದಕ್ಕೆ ವಾಲಿಸಿತು; ಅಲೆಯನ್ನು ಬಡಿಯದೆ ಸೀಳಿಕೊಂಡು ಹೋಗುತ್ತದೆ. ತೈಲಬಾವಿಗಳಿಗೆ ಸಾಮಾನು ಒಯ್ಯುವ ಹಡಗಿಗೆ ಅದು ಚೆನ್ನ. ಮೂತಿಯ ಕೆಳಗೆ ನೀರಡಿಯಲ್ಲಿ ಉಬ್ಬಿಕೊಂಡಿರುವ ಬಲ್ಬು ಬೇರೆ ಸಂಗತಿ, ಅದು ಮುಖ್ಯವಾಗಿ ಇಂಧನ ಉಳಿಸಲು ಇರುವುದು.

ಓಲಾಟ ತಗ್ಗಿಸಲು ಒಡಲಿಗೆ ಸೇರಿಸುವ ಭಾಗಗಳಲ್ಲಿ ನನ್ನ ಮತ ಬಿಲ್ಜ್ ಕೀಲ್‌ಗೆ. ಹಡಗಿನ ತಳ ಮತ್ತು ಮಗ್ಗುಲು ಸೇರುವ ದುಂಡು ಮೂಲೆಯಲ್ಲಿ, ಎರಡೂ ಕಡೆ, ಉದ್ದದ ಕಾಲು ಭಾಗಕ್ಕಿಂತ ಹೆಚ್ಚು ಓಡುವ ಒಂದು ಕಬ್ಬಿಣದ ಪಟ್ಟಿ, ಅಗಲ ಮೊಣಕೈಯಿಂದ ಬೆರಳ ತುದಿಯಷ್ಟು. ಹಡಗು ಓಲಾಡಿದಾಗ ಅದು ನೀರನ್ನು ಕಲಕಿ ಓಲಾಟದ ಶಕ್ತಿಯನ್ನು ತಿನ್ನುತ್ತದೆ. ಇಂಗ್ಲೆಂಡಿನ ವಿಲಿಯಂ ಫ್ರೂಡ್ 1870ರ ದಶಕದಲ್ಲೇ ಇದನ್ನು ಪರೀಕ್ಷಿಸಿ ತೋರಿಸಿದ್ದರು. ಮೋಟರ್ ಬೇಡ, ರಿಪೇರಿ ಅಪರೂಪ, ಹಡಗು ನಿಂತಿದ್ದರೂ ಕೆಲಸ ಮಾಡುತ್ತದೆ. ಪ್ರಯಾಣಿಕರ ಹಡಗಿನ ಫಿನ್ ಸ್ಟೆಬಿಲೈಸರ್ ಬಲು ಚಂದ, ಆದರೆ ವೇಗ ಇಳಿದರೆ ಅದರ ರೆಕ್ಕೆಗೆ ನೀರಿನ ಹಿಡಿತ ಸಿಗುವುದಿಲ್ಲ.

ಮಳೆಗಾಲಕ್ಕೆ ಕಾನೂನೇ ಒಡಲಿನ ಅಳತೆ ಬದಲಿಸುತ್ತದೆ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಹಡಗಿನ ಮಗ್ಗುಲಲ್ಲಿ ಎಷ್ಟು ಆಳಕ್ಕೆ ಮುಳುಗುವಷ್ಟು ತುಂಬಬಹುದು ಎಂದು ತೋರಿಸುವ, ಬಣ್ಣ ಬಳಿದ ಲೋಡ್‌ಲೈನ್ ಗುರುತುಗಳು ಇರುತ್ತವೆ. ಅರಬ್ಬಿ ಸಮುದ್ರದಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರ ತನಕ 'ಟ್ರಾಪಿಕಲ್' ಗೆರೆಯವರೆಗೆ ತುಂಬಬಹುದು. ಜೂನ್ 1ರಿಂದ ಆಗಸ್ಟ್ 31ರ ತನಕ ಅದಕ್ಕಿಂತ ಕೆಳಗಿನ 'ಸಮ್ಮರ್' ಗೆರೆಗೇ ನಿಲ್ಲಬೇಕು. ಎರಡಕ್ಕೂ ನಡುವೆ ಸಮ್ಮರ್ ಇಳಿತದ 48ನೇ ಒಂದು ಭಾಗ, 9.6 ಮೀಟರ್ ಇಳಿತದ ಹಡಗಿಗೆ 20 ಸೆಂಟಿಮೀಟರ್. ಕೇಳಲು ಸಣ್ಣದು. ನಮ್ಮ ಫೀಡರಿಗೆ ಅದು ಸುಮಾರು 750 ಟನ್, ನಿಮ್ಮಂಥ 35 ಕಾಫಿ ಕಂಟೇನರು. ಜೂನಿನಲ್ಲಿ ಬುಕಿಂಗ್ ಮುಂದಿನ ಹಡಗಿಗೆ ಹೋಯಿತು ಎಂದು ಫಾರ್ವರ್ಡರ್, ಅಂದರೆ ಸಾಗಣೆಯ ಏಜೆಂಟ್, ಹೇಳಿದರೆ ಇದೂ ಒಂದು ಕಾರಣ ಇರಬಹುದು.

ಸಣ್ಣ ದೋಣಿಗಳ ಕಷ್ಟ ಬೇರೆಯೇ. ಹಿಂದಿನಿಂದ ಬರುವ ಅಲೆಯ ಮೇಲೆ ಕೂತು ಅದರ ಜೊತೆಗೇ ಜಾರಿ, ಹಠಾತ್ತನೆ ಅಡ್ಡ ತಿರುಗುವ ಅಪಾಯ ಶುರುವಾಗುವ ವೇಗ, ನಾಟ್ ಲೆಕ್ಕದಲ್ಲಿ, ಉದ್ದದ ವರ್ಗಮೂಲದ 1.8 ಪಾಲು. 170 ಮೀಟರ್ ಹಡಗಿಗೆ 23 ನಾಟ್ ದಾಟಬೇಕು, 16 ಮೀಟರಿನ ಮೀನುಗಾರಿಕೆ ದೋಣಿಗೆ 7.2 ನಾಟ್ ಸಾಕು. ಮಳೆಗಾಲದಲ್ಲಿ ಅಳಿವೆಬಾಗಿಲಲ್ಲಿ ದೋಣಿ ಮಗುಚುವ ಸುದ್ದಿ ಓದುವಾಗ ಈ ಸಂಖ್ಯೆ ನೆನಪಿಡಿ.

ಹಡಗನ್ನು ಆರಿಸುವುದು ನಿಮ್ಮ ಕೈಯಲ್ಲಿಲ್ಲ, ಪೆಟ್ಟಿಗೆ ನಿಮ್ಮ ಕೈಯಲ್ಲಿದೆ. ಮೊದಲನೆಯದು ತೂಕದ ಘೋಷಣೆ. 2016ರ ಜುಲೈ 1ರಿಂದ ತುಂಬಿದ ಕಂಟೇನರಿನ ಪರಿಶೀಲಿಸಿದ ಒಟ್ಟು ತೂಕ, ಅಂದರೆ ವಿಜಿಎಂ, ಕೊಡದೆ ಹಡಗಿಗೆ ಏರಿಸುವಂತಿಲ್ಲ. ಇದನ್ನು ಕಾಗದದ ಕೆಲಸ ಅಂದುಕೊಂಡು ಅಂದಾಜು ಬರೆಯಬೇಡಿ. ಭಾರದ ಪೆಟ್ಟಿಗೆ ಕೆಳಗೆ, ಹಗುರದ್ದು ಮೇಲೆ ಎಂಬ ಜೋಡಣೆ ನಿಂತಿರುವುದು ಆ ಸಂಖ್ಯೆಯ ಮೇಲೆ. 21.5 ಟನ್ನಿನ ಕಾಫಿ ಪೆಟ್ಟಿಗೆ ತನ್ನ ತೂಕದಿಂದಲೇ ಕೆಳಸಾಲಿಗೆ ಹೋಗುತ್ತದೆ. ನಡುಗೆರೆಯಿಂದ 5 ಮೀಟರ್ ಮೇಲಿದ್ದರೆ ಆ ಗಡಸು ಹಡಗಿನಲ್ಲೂ 20 ಡಿಗ್ರಿಗೆ ಅದರ ಮೇಲಿನ ಎಳೆತ ಎಂಟು ಚಿಲ್ಲರೆ ಟನ್, ಮೆದು ಹಡಗಿನ ತುದಿಯಲ್ಲಿ ಕೂತಷ್ಟೇ. ಯಾರೋ ಒಬ್ಬ 20 ಟನ್ನನ್ನು 12 ಎಂದು ಬರೆದರೆ ಅದು ಮೇಲೆ ಹೋಗಿ ಕೂರುತ್ತದೆ, ಕೆಳಗಿನವರ ತಲೆಯ ಮೇಲೆ.

ಎರಡನೆಯದು ಒಳಗಿನ ಜೋಡಣೆ. ಅಲೆಯ ಎತ್ತರ 8 ಮೀಟರ್ ಒಳಗಿನ ಕಡಲಿಗೆ ಸರಕಿನ ತೂಕದ ಅರ್ಧದಷ್ಟು ಬಲ ಪಕ್ಕಕ್ಕೆ ಬೀಳುತ್ತದೆಂದು ಎಣಿಸಿ ತುಂಬಬೇಕು, 12 ಮೀಟರ್ ದಾಟುವ ಕಡಲಿಗೆ 0.8 ಪಾಲು. ಕಂಟೇನರಿನ ಪಕ್ಕದ ಗೋಡೆಯನ್ನು ಪರೀಕ್ಷಿಸುವುದು ಸರಕಿನ ಗರಿಷ್ಠ ತೂಕದ 0.6 ಪಾಲಿಗೆ, ಬಾಗಿಲನ್ನು 0.4 ಪಾಲಿಗೆ. ಅದೂ ಭಾರ ಸಮನಾಗಿ ಹರಡಿದ್ದರೆ. ಚೀಲಗಳನ್ನು ಗೋಡೆಯಿಂದ ಗೋಡೆಗೆ ಸಂದಿಲ್ಲದೆ, ಇಟ್ಟಿಗೆ ಕಟ್ಟಿದ ಹಾಗೆ ಒಂದರ ಸಂದಿನ ಮೇಲೆ ಇನ್ನೊಂದು ಬರುವಂತೆ ಜೋಡಿಸಿದರೆ ಗೋಡೆ ತಡೆಯುತ್ತದೆ. ಒಂದು ಮೊಳ ಸಂದು ಬಿಟ್ಟರೆ ಇಡೀ ಸಾಲು ಪ್ರತಿ ಓಲಾಟಕ್ಕೂ ಓಡಿ ಬಂದು ಗುದ್ದುತ್ತದೆ. ಬಾಗಿಲಿನ ಕಡೆಯೇ ಅತಿ ದುರ್ಬಲ, ಹಾಗಾಗಿ ಕೊನೆಯ ಎರಡು ಸಾಲನ್ನು ಮೆಟ್ಟಿಲಾಗಿ ಇಳಿಸಿ, ಬಾಗಿಲಿಗೆ ಅಡ್ಡಲಾಗಿ ಮರದ ಪಟ್ಟಿಯನ್ನೋ ಗಾಳಿಚೀಲವನ್ನೋ ಕೊಡಿಸಿ. ಸಡಿಲ ಕಾಳನ್ನು ಲೈನರ್‌ನಲ್ಲಿ (ಕಂಟೇನರಿನ ಒಳಗೆ ಹಾಸುವ ದೊಡ್ಡ ಚೀಲ) ಸುರಿಯುವುದಾದರೆ ಬಾಗಿಲ ಬಳಿ ಕಬ್ಬಿಣದ ಅಡ್ಡಸರಳು ಹಾಕಿದ್ದನ್ನು ಕಣ್ಣಾರೆ ನೋಡಿಯೇ ಸೀಲ್ ಮಾಡಿಸಿ.

ವಿಮೆಯ ಬಗ್ಗೆ ಎರಡೇ ಮಾತು. ಹಡಗನ್ನು ಉಳಿಸಲು ಕೆಲವರ ಸರಕನ್ನು ಬಲಿಕೊಟ್ಟರೆ ಆ ನಷ್ಟವನ್ನು ಎಲ್ಲ ಸರಕಿನವರೂ ಹಂಚಿಕೊಳ್ಳಬೇಕು ಎಂಬುದು ಕಡಲಿನ ಹಳೆಯ ಕಾನೂನು, ಜನರಲ್ ಆವರೇಜ್. ನಿಮ್ಮ ಕಾಫಿ ಒಣಗಿ ಬೆಚ್ಚಗೆ ತಲುಪಿದರೂ ನಿಮ್ಮ ಪಾಲಿಗೆ ಖಾತರಿ ಕೊಡದೆ ಪೆಟ್ಟಿಗೆ ಬಿಡಿಸಿಕೊಳ್ಳಲಾಗುವುದಿಲ್ಲ. ಪಾಲಿಸಿಯಲ್ಲಿ ಇದು ಸೇರಿದೆಯೇ ನೋಡಿ. ಎಫ್‌ಒಬಿ (ಹಡಗಿಗೆ ಏರಿಸಿಕೊಡುವ ತನಕದ ಬೆಲೆ) ಮಾರಾಟವಾದರೆ ಮಂಗಳೂರಿನಲ್ಲಿ ಹಡಗಿಗೆ ಏರಿದ ಮೇಲಿನ ಜವಾಬ್ದಾರಿ ಖರೀದಿದಾರರದ್ದು, ಸಿಐಎಫ್ (ಸಾಗಣೆ, ವಿಮೆ ಸೇರಿದ ಬೆಲೆ) ಆದರೆ ವಿಮೆ ಮಾಡಿಸಬೇಕಾದವರು ನೀವು. ಸಿಐಎಫ್‌ನಲ್ಲಿ ನೀವು ಏನೂ ಹೇಳದಿದ್ದರೆ ಸರಕು ವಿಮೆಯ ಷರತ್ತುಗಳಲ್ಲಿ ಕಡಿಮೆ ರಕ್ಷಣೆಯ ಸಿ ಕ್ಲಾಜ್ ಸಾಕೆಂದು ಬಿಡುತ್ತಾರೆ. ಅಲೆ ಕೊಚ್ಚಿಕೊಂಡು ಹೋದ ಕಂಟೇನರು ಅದರಲ್ಲಿ ಬರುವುದಿಲ್ಲ. ಎ ಕ್ಲಾಜ್ ಎಂದು ಬರೆಸಿ.